‘ಮಿಡ್‌ನೈಟ್ ಸನ್’: ಊರಿನವರೇ ಹೇಳಿದ ಊರಿನ ಕೇಸು

ಕ್ರೈಂ ಪಾಡ್‌ಕಾಸ್ಟ್‌ ಕೇಳುವಾಗ ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಎಲ್ಲಿಂದಲೋ ಯಾರೋ ಮೈಕ್ ಹಿಡಿದು ಬರುತ್ತಾರೆ, ಊರಿನ ನೋವನ್ನೆಲ್ಲ ಕೆದಕುತ್ತಾರೆ, ಹೊರಟುಬಿಡುತ್ತಾರೆ. 2019ರಲ್ಲಿ ಆಡಿಬಲ್ ಅನ್ನುವ ಆಡಿಯೊ ಆ್ಯಪ್‌ನಲ್ಲಿ ಬಂದ ‘ಮಿಡ್‌ನೈಟ್ ಸನ್’ (Midnight Son) ಹಾಗಿಲ್ಲ. ಕತೆ ಹೇಳುವ ಜೇಮ್ಸ್ ಡೊಮೆಕ್ ಜೂನಿಯರ್ ಅಮೆರಿಕದ ಅಲಾಸ್ಕಾದ ಕೊಟ್ಜೆಬ್ಯೂ ಊರಿನವರು, ಅಲ್ಲಿನ ಮೂಲನಿವಾಸಿ ಇನುಪಿಯಾಕ್ ಸಮುದಾಯದ ಸಂಗೀತಗಾರ. ಅವರ ಮುತ್ತಜ್ಜ ಆ ಜನರ ಕತೆಗಾರ.

ಕೇಸು 2012ರದ್ದು. ಅದೇ ಸೀಮೆಯ ಕೊಬುಕ್ ನದಿ ದಂಡೆಯಲ್ಲಿ ಕಿಯಾನಾ ಅಂತ ಒಂದು ಹಳ್ಳಿ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಸಿನಿಮಾದಲ್ಲಿ ಆಗತಾನೇ ಹೆಸರು ಮಾಡುತ್ತಿದ್ದ ಅಲ್ಲಿನ ನಟನೊಬ್ಬ, ತಾಯಿ ಸತ್ತ ಮೇಲೆ ಕಾಡಿಗೆ ಓಡಿಹೋಗುತ್ತಾನೆ. ಬೇಟೆಗೆ ಬಂದ ಅಣ್ಣತಮ್ಮಂದಿರಿಬ್ಬರ ಮೇಲೆ ಗುಂಡು ಹಾರಿಸುತ್ತಾನೆ. ಇಬ್ಬರೂ ಬದುಕುಳಿಯುತ್ತಾರೆ. ಸಿಕ್ಕಿಬಿದ್ದಾಗ ಅವನು ಹೇಳಿದ್ದು, ಕಾಡಿನಲ್ಲಿ ತನಗೆ ಇನುಕುನ್‌ಗಳು ಎದುರಾದರು ಅಂತ. ಇನುಕುನ್ ಅಂದರೆ ಇನುಪಿಯಾಕ್ ಕತೆಗಳಲ್ಲಿ ಬರುವ, ಬೆಟ್ಟಗಳಲ್ಲಿ ಅಡಗಿರುವ ಕುಳ್ಳ ಜನ. ಆಳು ಚಿಕ್ಕದು, ಬಲ ಮಾತ್ರ ಜಾಸ್ತಿ. 2014ರಲ್ಲಿ ಕೋರ್ಟು ಅವನನ್ನು ಕೊಲೆಯತ್ನದ ಅಪರಾಧಿ ಅಂತ ತೀರ್ಮಾನಿಸಿತು.

ನಾನು ಶಿರಾ ಕಡೆಯವಳು. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ನಮಗೆ ದೂರವಿಲ್ಲ. ಕಾಡುಗೊಲ್ಲರ ಹಿರಿಯರು ಗಣೆ ಅನ್ನುವ ಉದ್ದನೆಯ ಕೊಳಲು ಊದುತ್ತಾ ತಮ್ಮ ದೈವ ಜುಂಜಪ್ಪನ ಕತೆ ಹಾಡುವಾಗ ‘ಇದು ನಿಜವಾ?’ ಅಂತ ಯಾರೂ ಕೇಳುವುದಿಲ್ಲ. ಕೋರ್ಟು ಮಾತ್ರ ಕೇಳಲೇಬೇಕು. ಗುಂಡೇಟು ತಿಂದವರಿಗೆ ಆ ಉತ್ತರ ಬೇಕು, ಅಲ್ವಾ? ಡೊಮೆಕ್ ಈ ಎರಡರ ನಡುವೆ ನಿಂತು ಮಾತಾಡುತ್ತಾರೆ. ಇನುಕುನ್ ಮಾತು ಬಂದಾಗ ನಗುವುದಿಲ್ಲ. ಹಾಗಂತ ಆ ನಂಬಿಕೆಯನ್ನು ಮುಂದಿಟ್ಟು ಆರೋಪಿಯನ್ನು ಸುಮ್ನೆ ಬಚಾವ್ ಮಾಡುವುದೂ ಇಲ್ಲ. ತಮ್ಮ ಹಿರಿಯರಿಂದ ಬಂದ ಕತೆಯೇ ಒಂದು ಕ್ರಿಮಿನಲ್ ಕೇಸಿನೊಳಗೆ ಸಿಕ್ಕಿಕೊಂಡಿದೆ ಅನ್ನುವ ಸಂಕಟ ಅವರ ದನಿಯಲ್ಲಿದೆ. ಅದನ್ನು ಹೊರಗಿನವರು ಎಷ್ಟು ದುಡ್ಡು ಸುರಿದರೂ ತರಲಾರರು.

ಕೊಟ್ಜೆಬ್ಯೂಗೆ 1897ರಲ್ಲಿ ಕ್ವೇಕರ್ ಪಂಥದ ಕ್ರೈಸ್ತ ಮಿಷನರಿಗಳು ಬಂದರು, ಹಳೆಯ ಕುಣಿತಕ್ಕೇ ತಡೆ ಹಾಕಿದರು. ಇದು ಗೊತ್ತಿದ್ದರೆ ಇಂಥ ಕತೆಗಳನ್ನು ಜನ ಯಾಕೆ ಅಷ್ಟು ಜೋಪಾನ ಮಾಡುತ್ತಾರೆ ಅನ್ನುವುದು ಅರ್ಥವಾಗುತ್ತದೆ.

ನನ್ನದು ಒಂದೇ ತಕರಾರು. ಹಳೆಯ ಕತೆಗಳನ್ನು ಅವಸರ ಮಾಡದೆ ಇನ್ನಷ್ಟು ಹೊತ್ತು ಹೇಳಬೇಕಿತ್ತು. ಕೇಸಿನ ವಿವರ ನ್ಯೂಸ್‌ನಲ್ಲೂ ಸಿಗುತ್ತದೆ, ಮುತ್ತಜ್ಜನ ಕತೆ ಸಿಗುವುದಿಲ್ಲ.

ಇಂಗ್ಲಿಷಿನಲ್ಲಿದೆ, ಆದರೆ ಮಾತು ನಿಧಾನ, ಅರ್ಥವಾಗುತ್ತದೆ. ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುವವರಿಗೆ ಒಂದು ಸಲಹೆ: ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಒಳ್ಳೆಯ ಇಯರ್‌ಫೋನ್ ಇಟ್ಟುಕೊಳ್ಳಿ. ಸಾವು, ಗುಂಡೇಟಿನ ಮಾತು ಬರುವುದರಿಂದ ಚಿಕ್ಕ ಮಕ್ಕಳ ಮುಂದೆ ಸ್ಪೀಕರ್‌ನಲ್ಲಿ ಹಾಕಬೇಡಿ.