ಆರು ವರ್ಷ ಓಡಿದ ಎಂಬಿಬಿಆರ್ ಎಸ್‌ಟಿಪಿ: ಎಲ್ಲಿ ಗಟ್ಟಿ, ಎಲ್ಲಿ ಕೈಕೊಡುತ್ತದೆ

ದಿನಕ್ಕೆ 60,000 ಲೀಟರ್ ಸಾಮರ್ಥ್ಯದ, ಅಂದರೆ 60 ಕೆಎಲ್‌ಡಿ ಎಂಬಿಬಿಆರ್ (ಮೂವಿಂಗ್ ಬೆಡ್ ಬಯೋಫಿಲ್ಮ್ ರಿಯಾಕ್ಟರ್) ಮಾದರಿಯ ಎಸ್‌ಟಿಪಿಯ, ಎಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ ವಿಮರ್ಶೆ ಇದು. ಒಳಗೆ ಬರುವುದು ವಸತಿ ಸಮುಚ್ಚಯದ ಕೊಳಚೆ ಮಾತ್ರ: ಶೌಚ, ಸ್ನಾನ, ಅಡುಗೆಮನೆ, ಬಟ್ಟೆ ಒಗೆದ ನೀರು. ಶುದ್ಧವಾದ ನೀರು ಫ್ಲಶ್‌ಗೂ ಗಿಡಗಳಿಗೂ ಹೋಗುತ್ತದೆ. ಆರು ವರ್ಷ ಹಗಲು ರಾತ್ರಿ ಓಡಿಸಿದ ಮೇಲೆ ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಮೀಡಿಯಾ (ಸೂಕ್ಷ್ಮಾಣುಗಳು ಅಂಟಿ ಬೆಳೆಯುವ ಸಣ್ಣ ಪ್ಲಾಸ್ಟಿಕ್ ಚಕ್ರಗಳು) ಇರುವ ಟ್ಯಾಂಕ್ ತನ್ನ ಹೆಸರು ಉಳಿಸಿಕೊಂಡಿದೆ, ತೊಂದರೆಗಳೆಲ್ಲ ಅದರ ಹಿಂದಿನ ಮತ್ತು ಮುಂದಿನ ಭಾಗಗಳಲ್ಲಿ, ಗಾಳಿಯ ಪೈಪಿನಲ್ಲಿ ಹುಟ್ಟಿವೆ. ಕೊಳ್ಳುವಾಗ ಎಲ್ಲರೂ ಮೀಡಿಯಾ ಬಗ್ಗೆ ಕೇಳುತ್ತಾರೆ. ಸ್ಕ್ರೀನ್, ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವ) ಪಂಪ್, ಗಾಳಿ ಪೈಪಿನ ಬಗ್ಗೆ ಕೇಳುವವರು ಕಡಿಮೆ.

ಮೊದಲು ಆ ಟ್ಯಾಂಕ್. ನಾರ್ವೆಯಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡ ವಿಧಾನ ಇದು. ಹಳೆಯ ಆಕ್ಟಿವೇಟೆಡ್ ಸ್ಲಡ್ಜ್ ಘಟಕದಲ್ಲಿ ಸೂಕ್ಷ್ಮಾಣುಗಳು ನೀರಿನಲ್ಲೇ ತೇಲಾಡುತ್ತವೆ. ಸೆಟ್ಲರ್‌ನಲ್ಲಿ (ಕೆಸರು ತಳಕ್ಕೆ ಕೂರುವ ಟ್ಯಾಂಕ್) ತಳ ಸೇರಿದ ಅವನ್ನು ಪಂಪ್ ಮಾಡಿ ಮತ್ತೆ ಗಾಳಿ ಟ್ಯಾಂಕಿಗೆ ತರುತ್ತಲೇ ಇರಬೇಕು. ಎಂಬಿಬಿಆರ್‌ನಲ್ಲಿ ಅವು ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಸಣ್ಣ ಚಕ್ರಗಳ ಒಳಮೈಗೆ ಪದರವಾಗಿ ಅಂಟಿಕೊಂಡು ಬೆಳೆಯುತ್ತವೆ. ಪ್ಲಾಸ್ಟಿಕ್ಕಿನ ಸಾಂದ್ರತೆ ನೀರಿಗಿಂತ ತುಸು ಕಡಿಮೆ, ಸುಮಾರು 0.95. ಹಾಗಾಗಿ ಕೆಳಗಿನಿಂದ ಗಾಳಿ ಬಿಟ್ಟರೆ ಮೀಡಿಯಾ ಟ್ಯಾಂಕಿನ ತುಂಬ ಸುತ್ತುತ್ತದೆ. ಕೆಸರು ಮರಳಿಸುವ ಪಂಪ್ ಬೇಡ, ಎಂಎಲ್‌ಎಸ್‌ಎಸ್ (ನೀರಿನಲ್ಲಿ ತೇಲುವ ಕೆಸರಿನ ಸಾಂದ್ರತೆ) ಅಳೆದು ಕೆಸರಿನ ಪ್ರಮಾಣ ಕಾಯುವ ಕೆಲಸವೂ ಇಲ್ಲ. ಹಬ್ಬದ ರಜೆಯಲ್ಲಿ ಅರ್ಧ ಮನೆಗಳು ಖಾಲಿಯಾಗಿ, ಮರುವಾರ ಒಮ್ಮೆಲೇ ತುಂಬಿದರೂ ಪದರ ಕೊಚ್ಚಿಹೋಗುವುದಿಲ್ಲ. ಈ ವಿಧಾನದ ನಿಜವಾದ ಲಾಭ ಇದೇ.

ಲೆಕ್ಕ ಹೀಗಿದೆ. ಬರುವ ನೀರಿನ ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕ, ಅಂದರೆ ಕೊಳೆಯ ಅಳತೆ) ಲೀಟರಿಗೆ ಸುಮಾರು 250 ಮಿಲಿಗ್ರಾಂ, ಅಂದರೆ ದಿನಕ್ಕೆ 15 ಕೆ.ಜಿ. ಟ್ಯಾಂಕ್‌ಗಳು ಎರಡು, ಒಂದೊಂದೂ 10 ಘನ ಮೀಟರ್. ಎರಡರಲ್ಲೂ ಶೇ. 40ರಷ್ಟು ಮೀಡಿಯಾ. ಒಂದು ಘನ ಮೀಟರ್ ಮೀಡಿಯಾದಲ್ಲಿ 500 ಚದರ ಮೀಟರ್ ಒಳಮೈ ಸಿಗುವುದರಿಂದ ಒಂದು ಟ್ಯಾಂಕಿಗೆ 2,000 ಚದರ ಮೀಟರ್ ಆಯಿತು. ಮೊದಲ ಟ್ಯಾಂಕಿನಲ್ಲಿ ಚದರ ಮೀಟರಿಗೆ ದಿನಕ್ಕೆ 7.5 ಗ್ರಾಂ ಬಿಒಡಿ ಬೀಳುತ್ತದೆ. ಇದು ಹಿತವಾದ ಹೊರೆ. ಖರ್ಚು ಉಳಿಸಲು ಮೀಡಿಯಾವನ್ನು ಶೇ. 25ಕ್ಕೆ ಇಳಿಸಿದರೆ ಹೊರೆ 12 ಗ್ರಾಂ ಆಗುತ್ತದೆ, ಕೆಲಸ ಕೆಡುವುದು ಅಲ್ಲಿಂದ. ಹಾಗಂತ ಶೇ. 67ರ ಮೇಲೆ ತುಂಬಿದರೆ ಮೀಡಿಯಾ ತಿರುಗುವುದೇ ನಿಲ್ಲುತ್ತದೆ.

ಎರಡು ಟ್ಯಾಂಕ್ ಏಕೆ ಬೇಕು ಎಂಬುದನ್ನು ಒತ್ತಿ ಹೇಳಬೇಕು. ಬಿಒಡಿ ತಿನ್ನುವ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆ, ಪದರದ ಹೊರಭಾಗದಲ್ಲಿ ಕೂತು ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಸೂಕ್ಷ್ಮಾಣುಗಳು ನಿಧಾನಿಗಳು. ಬಿಒಡಿ ಮುಗಿಯುವ ತನಕ ಅವುಗಳ ಸರದಿ ಬರುವುದಿಲ್ಲ. ಒಂದೇ ಟ್ಯಾಂಕಿನಲ್ಲಿ ಎರಡೂ ಆಗುತ್ತದೆ ಎಂದು ಬರೆದುಕೊಟ್ಟ ನಕ್ಷೆಯನ್ನು ಒಪ್ಪಬೇಡಿ. ಮೊದಲ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2ರಿಂದ 3 ಮಿಲಿಗ್ರಾಂ ಇದ್ದರೆ ಸಾಕು. ಎರಡನೆಯದರಲ್ಲಿ 4 ಇರಲೇಬೇಕು, ಏಕೆಂದರೆ ಆಮ್ಲಜನಕ ಪದರದ ಆಳಕ್ಕೆ ಇಳಿಯಲು ಹೊರಗೆ ಅಷ್ಟು ಒತ್ತಾಸೆ ಬೇಕು.

ಶುರು ಮಾಡುವಾಗ ತಾಳ್ಮೆ ಬೇಕು. ಹೊಸ ಮೀಡಿಯಾ ನೀರಿಗೆ ಒಗ್ಗದೆ ಮೊದಲ ಕೆಲವು ದಿನ ಮೇಲೆಯೇ ತೇಲುತ್ತದೆ, ಗಾಬರಿ ಬೇಡ. ಓಡುತ್ತಿರುವ ಬೇರೆ ಎಸ್‌ಟಿಪಿಯ ಕೆಸರನ್ನು ಹೆಪ್ಪು ಹಾಕಿದಂತೆ ಹಾಕಿದರೆ ಬಿಒಡಿ 3-4 ವಾರದಲ್ಲಿ ಹತೋಟಿಗೆ ಬರುತ್ತದೆ, ಅಮೋನಿಯಾಕ್ಕೆ 6-8 ವಾರ ಬೇಕು. ಆ ಅವಧಿಯಲ್ಲಿ ಬಿಳಿ ನೊರೆ ಉಕ್ಕಿ ಟ್ಯಾಂಕಿನಿಂದ ಹೊರಗೆ ಬರುತ್ತದೆ. ಸಿಲಿಕೋನ್ ಇರುವ ನೊರೆನಾಶಕ ಸುರಿಯಬೇಡಿ. ಅದು ಮೀಡಿಯಾಕ್ಕೆ ಮೆತ್ತಿಕೊಂಡು ಪದರ ಕೂರುವುದನ್ನೇ ತಡೆಯುತ್ತದೆ. ಪೈಪಿನಿಂದ ನೀರು ಚಿಮುಕಿಸಿದರೆ ಸಾಕು.

ಪದರದ ಆರೋಗ್ಯ ಕಣ್ಣಿಗೇ ಕಾಣುತ್ತದೆ. ತೆಳ್ಳಗೆ, ಕಾಫಿ ಪುಡಿಯ ಕಂದು ಬಣ್ಣ, ಮಳೆ ಬಿದ್ದ ಮಣ್ಣಿನ ವಾಸನೆ: ಎಲ್ಲ ಸರಿ. ಬೂದು ಬಣ್ಣದ ದಪ್ಪ ಲೋಳೆ ತುಂಬಿ ತೂತುಗಳೇ ಮುಚ್ಚಿದ್ದರೆ ಹೊರೆ ಜಾಸ್ತಿ ಇದೆ ಅಥವಾ ಗಾಳಿ ಸಾಲದು. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೀಡಿಯಾ ಆ ಮೂಲೆಯಲ್ಲಿ ತಿರುಗುತ್ತಿಲ್ಲ, ತಳದಿಂದ ಗಾಳಿಯ ಗುಳ್ಳೆ ಬಿಡುವ ಡಿಫ್ಯೂಸರ್ ಸತ್ತಿದೆ. ಮೀಡಿಯಾವನ್ನು ಆರು ವರ್ಷದಲ್ಲಿ ಒಮ್ಮೆಯೂ ಬದಲಿಸಬೇಕಾಗಿಲ್ಲ, ಸವೆದದ್ದು ಅತ್ಯಲ್ಪ. ಮರುಬಳಕೆ ಪ್ಲಾಸ್ಟಿಕ್ಕಿನದಾದರೆ ಈ ಮಾತು ನಿಲ್ಲದು, ಅದರ ಅಂಚುಗಳು ಮುರಿದು ಪಂಪ್ ಸೇರುತ್ತವೆ.

ಈಗ ಹಿಂದಿನ ಭಾಗ, ಅಂದರೆ ನೀರು ಈ ಟ್ಯಾಂಕ್‌ಗಳಿಗೆ ಬರುವ ಮೊದಲಿನದು. ಈ ಘಟಕದ ಜೊತೆ ಬಂದದ್ದು 10 ಮಿ.ಮೀ. ಸಂದಿಯ ಬಾರ್ ಸ್ಕ್ರೀನ್ ಒಂದೇ. ಇದು ಸಾಲದು. ಕೂದಲು, ವೆಟ್ ವೈಪ್ಸ್, ಪ್ಯಾಡಿನ ನಾರು ಎಲ್ಲ ಒಳಗೆ ಬಂದು ಮೀಡಿಯಾ ತಡೆಯುವ ಜಾಲರಿಗೆ ಹೆಣೆದುಕೊಳ್ಳುತ್ತವೆ. ಜಾಲರಿ ಕಟ್ಟಿದರೆ ಮೊದಲ ಟ್ಯಾಂಕಿನ ನೀರು ಏರುತ್ತದೆ, ಉಕ್ಕಿ ಹರಿದಾಗ ಮೀಡಿಯಾವನ್ನೂ ಎತ್ತಿಕೊಂಡು ಹೋಗುತ್ತದೆ, ಕೊನೆಗೆ ಅದು ಸಿಗುವುದು ಪಂಪಿನ ಇಂಪೆಲ್ಲರ್‌ನಲ್ಲಿ. ನಂತರ 3 ಮಿ.ಮೀ. ತೂತಿನ ಬುಟ್ಟಿ ಸ್ಕ್ರೀನ್ ಕೂರಿಸಿ, ಜಾಲರಿಯ ಬುಡಕ್ಕೆ ಪ್ರತ್ಯೇಕ ಗಾಳಿ ಕೊಳವೆ ಕೊಟ್ಟ ಮೇಲೆ ಈ ಕಾಟ ಬಹುತೇಕ ನಿಂತಿದೆ. ಬುಟ್ಟಿಯನ್ನು ದಿನಕ್ಕೆ ಎರಡು ಸಲ ಖಾಲಿ ಮಾಡಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಅಡುಗೆಮನೆ ನೀರಿನ ಗ್ರೀಸ್ ಟ್ರ್ಯಾಪನ್ನು ವಾರಕ್ಕೊಮ್ಮೆ ಕೆರೆಯದಿದ್ದರೆ ಜಿಡ್ಡು ಪದರದ ಮೇಲೆ ಕೂತು ಆಮ್ಲಜನಕದ ದಾರಿ ಮುಚ್ಚುತ್ತದೆ.

ಬರುವ ನೀರನ್ನು ಕೂಡಿಟ್ಟು ಸಮವಾಗಿ ಮುಂದೆ ಕಳಿಸುವ ಈಕ್ವಲೈಸೇಶನ್ ಟ್ಯಾಂಕ್ 20 ಘನ ಮೀಟರ್, ಎಂಟು ಗಂಟೆಯ ನೀರು ಹಿಡಿಯುತ್ತದೆ. ಬೆಳಗಿನ ಎರಡು ಮೂರು ತಾಸಿನಲ್ಲೇ ದಿನದ ದೊಡ್ಡ ಪಾಲು ಬಂದುಬಿಡುವುದರಿಂದ ಇದಕ್ಕಿಂತ ಚಿಕ್ಕದು ಬೇಡ. ಇದರಲ್ಲೂ ಗಾಳಿ ನಿಲ್ಲಬಾರದು. ವಿದ್ಯುತ್ ಉಳಿಸಲೆಂದು ರಾತ್ರಿ ಇಲ್ಲಿನ ಗಾಳಿ ಬಂದ್ ಮಾಡುವ ಅಭ್ಯಾಸ ಹಲವು ಕಡೆ ಇದೆ. ನೀರು ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಅದು ಎರಡನೇ ಟ್ಯಾಂಕಿನ ನಿಧಾನಿ ಸೂಕ್ಷ್ಮಾಣುಗಳಿಗೆ ವಿಷ, ತೇವದ ಕಾಂಕ್ರೀಟನ್ನೂ ತಿನ್ನುತ್ತದೆ.

ಮುಂದಿನ ಭಾಗದಲ್ಲಿ ಟ್ಯೂಬ್ ಸೆಟ್ಲರ್ ಮೊದಲು. ಮೀಡಿಯಾದಿಂದ ಕಳಚಿ ಬರುವ ಪದರ ನುಣ್ಣಗಿರುತ್ತದೆ, ಹಳೆಯ ಘಟಕದ ಕೆಸರಿನಂತೆ ಗಂಟು ಕಟ್ಟಿ ಕೂರುವುದಿಲ್ಲ. ಎಂಬಿಬಿಆರ್‌ನ ನಿಜವಾದ ಕೊರತೆ ಇದು, ಮಾರಾಟದ ಕಾಗದದಲ್ಲಿ ಬರೆಯದ ಕೊರತೆ. ಲೀಟರಿಗೆ 15-20 ಮಿಲಿಗ್ರಾಂ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ (ನುಣ್ಣನೆ ಕಣಗಳನ್ನು ಗಂಟು ಕಟ್ಟಿಸುವ ರಾಸಾಯನಿಕ) ಬೆರೆಸಿದ ಮೇಲೆಯೇ ನೀರು ತಿಳಿಯಾಗಿದ್ದು. 60 ಡಿಗ್ರಿ ಓರೆಯ ಕೊಳವೆಗಳನ್ನು ವಾರಕ್ಕೊಮ್ಮೆ ನೀರಿನ ಮಟ್ಟ ಇಳಿಸಿ ಪೈಪಿನಿಂದ ತೊಳೆಯಬೇಕು. ತಳದ ಕೆಸರನ್ನು ನಾಲ್ಕು ಗಂಟೆಗೊಮ್ಮೆ ಹೊರಬಿಡದಿದ್ದರೆ ಅದರೊಳಗೆ ನೈಟ್ರೇಟ್ ಒಡೆದು ಸಾರಜನಕದ ಗುಳ್ಳೆ ಏಳುತ್ತದೆ, ಕೆಸರು ಗಡ್ಡೆಗಡ್ಡೆಯಾಗಿ ಮೇಲಕ್ಕೆ ತೇಲುತ್ತದೆ. ಇದನ್ನು ನೋಡಿ ಸೆಟ್ಲರ್ ಕೆಟ್ಟಿತೆಂದು ಪಾಲಿಮರ್ ಸುರಿಯುವವರಿದ್ದಾರೆ. ಬೇಕಿರುವುದು ಕೆಸರನ್ನು ಬೇಗ ಬೇಗ ತೆಗೆಯುವುದು.

ಸ್ಯಾಂಡ್ ಫಿಲ್ಟರ್ 800 ಮಿ.ಮೀ. ವ್ಯಾಸದ್ದು. ಮರಳು ಅರಳಿ ತೊಳೆದುಹೋಗಲು ಗಂಟೆಗೆ 12ರಿಂದ 15 ಘನ ಮೀಟರ್ ನೀರು ಮೇಲ್ಮುಖವಾಗಿ ಹೋಗಬೇಕು. ಆದರೆ ಗಂಟೆಗೆ 5 ಘನ ಮೀಟರಿನ ಫೀಡ್ ಪಂಪನ್ನೇ ಬ್ಯಾಕ್‌ವಾಶ್‌ಗೂ ಜೋಡಿಸಿಕೊಟ್ಟಿದ್ದರು. ಅಷ್ಟು ನೀರಿಗೆ ಮರಳು ಅಲುಗಾಡುವುದೂ ಇಲ್ಲ. ಎರಡನೇ ವರ್ಷ ತೆರೆದರೆ ಒಳಗೆಲ್ಲ ನಿಂಬೆ ಗಾತ್ರದ ಮಣ್ಣುಂಡೆ. ಮರಳು ಪೂರ್ತಿ ಬದಲಿಸಬೇಕಾಯಿತು. ಈಗ ಎರಡು ಪಂಪ್ ಮತ್ತು ಸ್ಟ್ಯಾಂಡ್‌ಬೈ, ಮೂರನ್ನೂ ಒಟ್ಟಿಗೆ ಓಡಿಸಿ, 10-15 ನಿಮಿಷ ತೊಳೆಯಲಾಗುತ್ತದೆ. ಒಳ-ಹೊರ ಒತ್ತಡದ ಗೇಜಿನ ವ್ಯತ್ಯಾಸ ಚದರ ಸೆಂ.ಮೀ.ಗೆ 0.5 ಕೆ.ಜಿ. ದಾಟಿದಾಗ ತೊಳೆಯುವುದು, ಗಡಿಯಾರ ನೋಡಿ ಅಲ್ಲ. ಕಾರ್ಬನ್ ಫಿಲ್ಟರ್‌ನಿಂದ ಬರುವ ನೀರಿಗೇ ವಾಸನೆ ಇದ್ದರೆ ಕಾರ್ಬನ್ ಮುಗಿದಿದೆ, ಬದಲಿಸಿ.

ಇನ್ನು ಎಲ್ಲರನ್ನೂ ದಾರಿ ತಪ್ಪಿಸುವ ಒಂದು ಸರಪಳಿ. ಔಟ್‌ಲೆಟ್ ನೀರಿಗೆ ಎಷ್ಟು ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ಕೊಡುವ ದ್ರಾವಣ) ಹಾಕಿದರೂ ಕ್ಲೋರಿನ್ ನಿಲ್ಲುತ್ತಿಲ್ಲ ಎಂಬ ದೂರು ಬರುತ್ತದೆ. ಡೋಸಿಂಗ್ ಪಂಪ್ ಬದಲಿಸುತ್ತಾರೆ, ಹೈಪೋ ಕಲಬೆರಕೆ ಎನ್ನುತ್ತಾರೆ. ಕಾರಣ ಮೂರು ಟ್ಯಾಂಕ್ ಹಿಂದೆ ಇರುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಮಿಲಿಗ್ರಾಂ ಆಮ್ಲಜನಕದ ಜೊತೆಗೆ 7.14 ಮಿಲಿಗ್ರಾಂ ಕ್ಷಾರೀಯತೆಯೂ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಖರ್ಚಾಗುತ್ತದೆ. ಲೀಟರಿಗೆ 30 ಮಿಲಿಗ್ರಾಂ ಅಮೋನಿಯಾಕ್ಕೆ 214 ಮಿಲಿಗ್ರಾಂ ಕ್ಷಾರೀಯತೆ ಬೇಕು. ಪಿಎಚ್ ಕುಸಿಯದಿರಲು ಇನ್ನೊಂದು 80 ಉಳಿದಿರಬೇಕು. ಮಳೆನೀರೇ ಮುಖ್ಯ ಮೂಲವಾಗಿರುವ ಕಟ್ಟಡಗಳಲ್ಲಿ ನೀರಿಗೆ ಅಷ್ಟು ಕ್ಷಾರೀಯತೆ ಇರುವುದಿಲ್ಲ. ಪಿಎಚ್ 6.5ಕ್ಕೆ ಇಳಿಯುತ್ತದೆ, ನಿಧಾನಿಗಳು ಕೆಲಸವನ್ನು ಬಹುತೇಕ ನಿಲ್ಲಿಸುತ್ತವೆ, 10 ಮಿಲಿಗ್ರಾಂ ಅಮೋನಿಯಾ ಹಾಗೇ ಔಟ್‌ಲೆಟ್‌ಗೆ ಬರುತ್ತದೆ. ಅಲ್ಲಿ ಅದು ಕ್ಲೋರಿನ್ನನ್ನು ನುಂಗುತ್ತದೆ: ಒಂದು ಭಾಗ ಅಮೋನಿಯಾ ಸಾರಜನಕ ಮುಗಿಯಲು ಕನಿಷ್ಠ 8 ಭಾಗ ಕ್ಲೋರಿನ್ ಬೇಕು. ಅಮೋನಿಯಾ ಇಲ್ಲದಾಗ ಲೀಟರಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಶೇ. 10ರ ಹೈಪೋ ದಿನಕ್ಕೆ 3 ಲೀಟರ್ ಸಾಕು. 10 ಮಿಲಿಗ್ರಾಂ ಅಮೋನಿಯಾ ಇದ್ದರೆ 48 ಲೀಟರ್ ಸುರಿಯಬೇಕು! ಅದರ ಬದಲು ಮೊದಲ ಟ್ಯಾಂಕಿಗೆ ಸೋಡಿಯಂ ಬೈಕಾರ್ಬನೇಟ್ ಕೊಟ್ಟು ಕ್ಷಾರೀಯತೆ ಏರಿಸಿ, ಗಾಳಿ ಸರಿಯಿದೆಯೇ ನೋಡಿ. ವಾರಕ್ಕೆರಡು ಸಲ ಔಟ್‌ಲೆಟ್‌ನ ಅಮೋನಿಯಾ ಮತ್ತು ಕ್ಷಾರೀಯತೆಯನ್ನು ಸಣ್ಣ ಟೆಸ್ಟ್ ಕಿಟ್‌ನಲ್ಲಿ ಅಳೆದರೆ ಘಟಕ ಕೆಡುವುದು ಮೊದಲೇ ಗೊತ್ತಾಗುತ್ತದೆ. ಹೈಪೋವನ್ನು ತಂಪಾದ ಕತ್ತಲೆ ಜಾಗದಲ್ಲಿ ಇಡಿ. ಬಿಸಿಲಿಗೆ ಅದರ ಬಲ ಬೇಗ ಇಳಿಯುತ್ತದೆ. ಕ್ಲೋರಿನ್ ಬೆರೆತ ನೀರಿಗೆ ಅರ್ಧ ಗಂಟೆ ನಿಲ್ಲುವ ಜಾಗವೂ ಬೇಕು.

ಕೆಸರು ದಿನಕ್ಕೆ ಒಣ ತೂಕದಲ್ಲಿ 6-7 ಕೆ.ಜಿ. ಹುಟ್ಟುತ್ತದೆ, ತೆಳು ರೂಪದಲ್ಲಿ 600-700 ಲೀಟರ್. ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿದರೆ 30 ಕೆ.ಜಿ. ಹಿಂಡಿ ಸಿಗುತ್ತದೆ. ತಿಂಗಳುಗಟ್ಟಲೆ ಹಿಂಡಿಯೇ ಬಾರದ ಘಟಕದಲ್ಲಿ ಕೆಸರು ಶುದ್ಧ ನೀರಿನ ಜೊತೆಗೇ ಹೊರಹೋಗುತ್ತಿದೆ ಎಂದೇ ತಿಳಿಯಬೇಕು.

ಗಾಳಿಯ ವ್ಯವಸ್ಥೆಗೆ ಅಂಕ ಕೊಡುವುದಾದರೆ ಬ್ಲೋವರ್‌ಗೆ ಪೂರ್ತಿ, ಪೈಪಿನ ವಿನ್ಯಾಸಕ್ಕೆ ಅರ್ಧ. ಟ್ವಿನ್ ಲೋಬ್ ಬ್ಲೋವರ್ ಎರಡು ಇವೆ, ಪಾಳಿಯ ಮೇಲೆ ಓಡುತ್ತವೆ; ಬೆಲ್ಟ್, ಆಯಿಲ್, ಏರ್ ಫಿಲ್ಟರ್ ಬಿಟ್ಟರೆ ಬೇರೇನೂ ಕೇಳಿಲ್ಲ. 3 ಮೀಟರ್ ನೀರಿನ ಆಳಕ್ಕೆ ಒತ್ತಡದ ಗೇಜು ಚದರ ಸೆಂ.ಮೀ.ಗೆ 0.36 ಕೆ.ಜಿ. ತೋರಿಸುತ್ತಿತ್ತು. ಅದು 0.45ಕ್ಕೆ ಏರಿದರೆ ಡಿಫ್ಯೂಸರ್ ಕಟ್ಟುತ್ತಿದೆ. ಇದ್ದಕ್ಕಿದ್ದಂತೆ ಇಳಿದು ಒಂದು ಕಡೆ ನೀರು ಕುದಿಯುವಂತೆ ಉಕ್ಕಿದರೆ ರಬ್ಬರ್ ಹರಿದಿದೆ. ಇಲ್ಲಿ ದೊಡ್ಡ ತಪ್ಪು ನಡೆದಿದೆ: ಮೀಡಿಯಾದ ಕೆಳಗೆ ರಬ್ಬರ್ ಪೊರೆಯ ನುಣ್ಣನೆ ಗುಳ್ಳೆಯ ಡಿಫ್ಯೂಸರ್ ಹಾಕಿದ್ದಾರೆ, ಎತ್ತಿ ತೆಗೆಯುವ ಏರ್ಪಾಡೂ ಇಲ್ಲ. ಪೊರೆ ಐದಾರು ವರ್ಷಕ್ಕೆ ಗಟ್ಟಿಯಾಗುತ್ತದೆ. ಬದಲಿಸಬೇಕಾದರೆ 4 ಘನ ಮೀಟರ್ ಮೀಡಿಯಾವನ್ನು ಹೊರತೆಗೆದು ಒದ್ದೆಯಾಗಿಯೇ ಇಟ್ಟು ಮತ್ತೆ ತುಂಬಬೇಕು. ಎಂಬಿಬಿಆರ್‌ಗೆ ತೂತು ಕೊರೆದ ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ದಪ್ಪ ಗುಳ್ಳೆಯೇ ಸರಿ. ಗುಳ್ಳೆಯನ್ನು ಮೀಡಿಯಾ ತಾನೇ ಒಡೆಯುತ್ತದೆ, ಪೈಪು ಟ್ಯಾಂಕಿನಷ್ಟೇ ಬಾಳುತ್ತದೆ. ಈ ಒಂದು ಸಾಲು ಕೊಳ್ಳುವ ಕರಾರಿನಲ್ಲಿ ಇರಲಿ.

ಡಿಫ್ಯೂಸರ್ ಬದಲಿಸಲು ಟ್ಯಾಂಕಿಗೆ ಮನುಷ್ಯ ಇಳಿಯಬೇಕಾಗುವುದರಿಂದಲೂ ಆ ಸಾಲು ಮುಖ್ಯ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಮಡುಗಟ್ಟುತ್ತದೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ಆದರೆ ಕೆಲವೇ ನಿಮಿಷದಲ್ಲಿ ಮೂಗು ಅದರ ವಾಸನೆ ಹಿಡಿಯುವುದನ್ನೇ ಬಿಡುತ್ತದೆ. ವಾಸನೆ ಹೋಯಿತು, ಇಳಿಯಬಹುದು ಎಂದುಕೊಂಡ ಕ್ಷಣವೇ ಅತ್ಯಂತ ಅಪಾಯದ್ದು. ಗ್ಯಾಸ್ ಮೀಟರ್ ಇಳಿಬಿಟ್ಟು ಅಳೆಯದೆ, ಫ್ಯಾನಿನಿಂದ ಗಾಳಿ ಆಡಿಸದೆ, ಎದೆ-ತೊಡೆ ಹಿಡಿಯುವ ಪೂರ್ತಿ ಮೈಯ ಹಾರ್ನೆಸ್‌ಗೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಲ್ಲದೆ ಯಾರನ್ನೂ ಇಳಿಸಬೇಡಿ. ಒಳಗೆ ಒಬ್ಬರು ಬಿದ್ದರೆ ಉಸಿರಾಟದ ಸಿಲಿಂಡರ್ ಇಲ್ಲದೆ ಇನ್ನೊಬ್ಬರು ಹಿಂದೆಯೇ ಇಳಿಯುವಂತಿಲ್ಲ. ಮೇಲಿದ್ದವರು ಹಗ್ಗದಿಂದಲೇ ಎಳೆಯಬೇಕು.