"ಮಾಡರೇಟ್" ಅಂತ ಬರೆದಿರೋ ಸೈಕ್ಲಿಂಗ್ ಟೂರ್ ಬುಕ್ ಮಾಡೋ ಮುಂಚೆ ಇದನ್ನ ಓದಿ

ಬರೀಬೇಕೋ ಬೇಡ್ವೋ ಅಂತ ಮೂರು ವಾರ ಒದ್ದಾಡಿದೀನಿ. ಬರೆದ್ರೆ ನನ್ನ ದಡ್ಡತನ ನಾನೇ ಡಂಗುರ ಹೊಡೆದ ಹಾಗೆ. ಆದ್ರೆ ನಿನ್ನೆ ಅದೇ ಟೂರಿನ ಜಾಹೀರಾತು ಮತ್ತೆ ಫೋನಿಗೆ ಬಂತು, ಸೈಕಲ್ ತುಳಿಯಿರಿ, ಬೆಟ್ಟ ಹತ್ತಿ, ಊರಿನ ಮನೆಯಲ್ಲಿ ಕೂತು ಊಟ ಮಾಡಿ ಅಂತ. ಅದ್ರಲ್ಲಿ ನನ್ನ ಫೋಟೋನೂ ಇದೆ! ಆ ಕಥೆ ಆಮೇಲೆ ಹೇಳ್ತೀನಿ. ನೋಡಿದ ತಕ್ಷಣ ಮೈಯೆಲ್ಲಾ ಉರಿದುಹೋಯ್ತು, ಅದಕ್ಕೇ ಈಗ ಕೂತು ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಐದು ದಿನದ ಗೈಡೆಡ್ ಟೂರ್. ಮೂರು ದಿನ ಸೈಕಲ್, ಎರಡು ದಿನ ನಡಿಗೆ, ರಾತ್ರಿ ಹೊತ್ತು ಅಲ್ಲಿನ ಅಡುಗೆ. ನಾನು ಮತ್ತು ನನ್ನ ತಂಗಿ. ಅವಳಿಗೆ ಇಷ್ಟ ಇರ್ಲಿಲ್ಲ, ನಾನೇ ಎಳ್ಕೊಂಡು ಹೋಗಿದ್ದು, ಇದನ್ನ ಅವಳು ಇನ್ನು ಹತ್ತು ವರ್ಷ ಹೇಳ್ತಾಳೆ. ಇಬ್ರೂ ವಾರಕ್ಕೆ ಮೂರ್ನಾಲ್ಕು ದಿನ ವಾಕಿಂಗ್ ಮಾಡ್ತೀವಿ, ಭಾನುವಾರ ಸೈಕಲ್ ತುಳಿತೀವಿ, ಸಮತಟ್ಟು ರಸ್ತೇಲಿ 30 ಕಿಲೋಮೀಟರ್ ಆರಾಮಾಗಿ ಹೋಗ್ತೀವಿ. ಅದಕ್ಕೇ ಲೆವೆಲ್ ನೋಡಿ "ಮಾಡರೇಟ್" ಆರಿಸಿದ್ದು. ಈಸಿ, ಮಾಡರೇಟ್, ಚಾಲೆಂಜಿಂಗ್ ಅಂತ ಮೂರಿತ್ತು. ಪೂರ್ತಿ ದುಡ್ಡು ಮೊದಲೇ ಕಟ್ಟಿದ್ರೆ ಡಿಸ್ಕೌಂಟ್ ಅಂದ್ರು, ಕಟ್ಟಿದ್ವಿ. ಅಲ್ಲೇ ನಮ್ಮ ಜುಟ್ಟು ಅವರ ಕೈಗೆ ಹೋಯ್ತು.

ಫಾರಂ ಅಂತೂ ಏನು ಚೆನ್ನಾಗಿತ್ತು ಅಂದ್ರೆ, ಎತ್ತರ, ತೂಕ, ಸೈಕಲ್ ಅಭ್ಯಾಸ, ಅಲರ್ಜಿ, ಎಲ್ಲಾ ಕೇಳಿದ್ರು. ಇಷ್ಟೆಲ್ಲಾ ಕೇಳ್ತಾರೆ ಅಂದ್ಮೇಲೆ ಒಳ್ಳೆ ಪ್ರೊಫೆಷನಲ್ ಜನ ಅಂತ ನಾನೇ ತಂಗಿಗೆ ಹೇಳಿದ್ದೆ. ನನ್ನ ಎತ್ತರ 156 ಸೆಂಟಿಮೀಟರ್ ಅಂತ ಬರೆದಿದ್ದೆ. ಅಲ್ಲಿ ಹೋದ್ರೆ ನನಗಿಟ್ಟಿದ್ದು ಲಾರ್ಜ್ ಫ್ರೇಮ್. ಕಾಲು ಎರಡೂ ಕಡೆ ಹಾಕಿ ನಿಂತ್ರೆ ಮೇಲಿನ ಕಂಬಿ ತಾಗ್ತಾ ಇತ್ತು. ಕೇಳಿದ್ರೆ "ಸೀಟು ಇಳಿಸಿ ಕೊಡ್ತೀವಿ ಮೇಡಂ, ಎಲ್ಲಾ ಒಂದೇ". ಎಲ್ಲಾ ಒಂದೇ ಅಲ್ಲ ಕಣ್ರೀ, ಸೀಟು ಇಳಿಸಿದ್ರೆ ಹ್ಯಾಂಡಲ್ ಹತ್ರ ಬರುತ್ತಾ? ಇಡೀ ದಿನ ಮುಂದಕ್ಕೆ ಬಾಗಿ ಬಾಗಿ ಹೆಗಲು ಬಿದ್ದುಹೋಯ್ತು. ತಂಗಿಗೆ ಕೊಟ್ಟ ಹೆಲ್ಮೆಟ್ ಒಳಗಡೆ ಥರ್ಮಾಕೋಲ್ ಥರ ಇರುತ್ತಲ್ಲ, ಅದು ಬಿರುಕು ಬಿಟ್ಟಿತ್ತು. ಆ ಫೋಮ್ ಒಂದು ಸಲ ಜಜ್ಜಿ ಪೆಟ್ಟನ್ನ ತಡ್ಕೊಳ್ಳೋಕೆ ಇರೋದು, ಬಿರುಕು ಬಿಟ್ಟಮೇಲೆ ಅದು ಬರೀ ಟೋಪಿ. ಬದಲಿಸಿ ಅಂತ ಜಗಳ ಆಡ್ಬೇಕಾಯ್ತು, ಹೆಲ್ಮೆಟ್‌ಗೂ ಜಗಳ!

ಗುಂಪು ಹೆಚ್ಚಂದ್ರೆ 8 ಜನ ಅಂದಿದ್ರು. ನಾವು ಎಣಿಸಿದ್ವಿ, 19. ಬೇರೆ ಇನ್ನೊಂದು ಕಂಪನಿಯವರನ್ನೂ ಸೇರಿಸಿಬಿಟ್ಟಿದ್ರು. ಒಬ್ಬನೇ ಗೈಡ್.

ಈಗ ಎರಡನೇ ದಿನಕ್ಕೆ ಬರ್ತೀನಿ. ಪ್ಲಾನ್‌ನಲ್ಲಿ ಬರೆದಿದ್ದು ಇಷ್ಟೇ: 42 ಕಿಲೋಮೀಟರ್, ಮಾಡರೇಟ್, ಸುಂದರ ದೃಶ್ಯಗಳು. 42 ತಾನೇ, ಬೆಳಗ್ಗೆಯಿಂದ ಸಂಜೆವರೆಗೆ ಟೈಮ್ ಇದೆ, ಆಗುತ್ತೆ ಅಂದ್ಕೊಂಡ್ವಿ. ಏರು ಎಷ್ಟು ಅಂತ ಒಂದಕ್ಷರ ಇಲ್ಲ. ಮನೆಗೆ ಬಂದ್ಮೇಲೆ ಅದೇ ದಾರಿನ ರೂಟ್ ಆಪ್‌ನಲ್ಲಿ ಎಳೆದು ನೋಡಿದೆ, ಒಟ್ಟು ಹತ್ತೋದೇ 1,180 ಮೀಟರ್. ಅದ್ರಲ್ಲಿ ಒಂದು 6 ಕಿಲೋಮೀಟರ್ ಸರಾಸರಿ 9 ಪರ್ಸೆಂಟ್ ಏರು, ಅಂದ್ರೆ ಕಿಲೋಮೀಟರಿಗೆ 90 ಮೀಟರ್ ಮೇಲಕ್ಕೆ. ಸೈಕಲ್ ತುಳಿಯೋರಿಗೆ ಇದರ ಅರ್ಥ ಗೊತ್ತು. ತೀರಾ ಕಡಿಮೆ ಗೇರ್ ಇದ್ರೂ ಉಸಿರು ಬಾಯಿಗೆ ಬರುತ್ತೆ, ನನ್ನ ಸೈಕಲ್‌ನಲ್ಲಿ ಆ ಕಡಿಮೆ ಗೇರ್‌ಗೆ, ಅಂದ್ರೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ, ಚೈನ್ ಹತ್ತುತ್ತಲೇ ಇರ್ಲಿಲ್ಲ, ಹತ್ತಿದ್ರೂ ಟಕ್ ಅಂತ ಜಾರಿ ಬೀಳ್ತಿತ್ತು.

ಇಳಿದು ತಳ್ಳಿದೆ. ಬಿಸಿಲು. ತಂಗಿ ಹಿಂದೆ ಎಲ್ಲೋ. ಮುಂದೆ ಹೋಗಿದ್ದ ಗೈಡ್ ವಾಪಸ್ ಬಂದ, ಸಹಾಯಕ್ಕೆ ಬಂದ ಅಂತ ಖುಷಿಯಾಯ್ತು, ಆತ ಫೋನ್ ತೆಗೆದು "ಮೇಡಂ ಒಂದು ಸ್ಮೈಲ್" ಅಂದ. ನಾನೂ ನಕ್ಕೆ. ಯಾಕೆ ನಕ್ಕೆ ಅಂತ ಈಗ್ಲೂ ಗೊತ್ತಿಲ್ಲ, ಅಭ್ಯಾಸ ಬಲ.

ಇನ್ನೊಂದು ಅರ್ಧ ಗಂಟೆ ಆದ್ಮೇಲೆ ದಾರಿ ಎರಡಾಗೋ ಜಾಗ ಬಂತು. ಗೈಡ್ ಅಲ್ಲಿ ನಿಂತಿದ್ದ. ಎಡಕ್ಕೆ ನೋಡ್ತಾನೆ, ಬಲಕ್ಕೆ ನೋಡ್ತಾನೆ. ನಾನು ಹತ್ರ ಹೋದ ತಕ್ಷಣ ಮೆಲ್ಲಗೆ ಕೇಳ್ದ, "ಮೇಡಂ, ನಿಮ್ಮ ಫೋನಲ್ಲಿ ಮ್ಯಾಪ್ ಡೌನ್‌ಲೋಡ್ ಆಗಿದ್ಯಾ? ನಂದು ನೆಟ್‌ವರ್ಕ್ ಹೋಯ್ತು."

ನಾನು ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ.

"ನೀವು ಈ ದಾರೀಲಿ ಎಷ್ಟು ಸಲ ಬಂದಿದೀರಿ?" ಅಂತ ಕೇಳಿದೆ. "ಇದೇ ಫಸ್ಟ್ ಮೇಡಂ, ಮೊನ್ನೆ ಫೋನ್ ಮಾಡಿ ಬಾ ಅಂದ್ರು, ಫೈಲ್ ಕಳಿಸಿದ್ರು" ಅಂದ. ಆ ಫೈಲ್ ತೋರಿಸ್ದ. ಯಾರೋ ಪುಣ್ಯಾತ್ಮ ತಾನು ತುಳಿದ ದಾರಿನ ಆಪ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಹಾಕಿದ್ನಲ್ಲ, ಅದೇ ಜಿಪಿಎಕ್ಸ್ ಫೈಲ್, ಅಂದ್ರೆ ಮ್ಯಾಪ್ ಮೇಲೆ ದಾರಿ ತೋರಿಸೋ ಫೈಲ್. ಹಾಕಿದವನ ಯೂಸರ್ ನೇಮ್ ಕೂಡ ತೆಗೆದಿರ್ಲಿಲ್ಲ. ನಾನು ದುಡ್ಡು ಕೊಟ್ಟಿದ್ದು ಗೈಡ್‌ಗೆ, ಪುಕ್ಕಟೆ ಫೈಲ್‌ಗಲ್ಲ! ಅಲ್ಲಿ ನಿಂತ್ಕೊಂಡು ನನಗೆ ಅಳು, ನಗು, ಸಿಟ್ಟು ಒಟ್ಟಿಗೇ ಬಂತು. ನಾನೇ ನನ್ನ ಫೋನ್ ತೆಗೆದು ಗೈಡ್‌ಗೆ ದಾರಿ ತೋರಿಸಿದೆ ಸ್ವಾಮಿ. ಪಾಪ ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ, ಪಂಚರ್ ಕಿಟ್ ಕೂಡ ಕೊಡದೆ ಕಳಿಸಿದ್ರು ಅವನನ್ನ. ಕೋಪ ಇರೋದು ಕಳಿಸಿದವರ ಮೇಲೆ.

ಮತ್ತೆ ಸಪೋರ್ಟ್ ವೆಹಿಕಲ್? ಸುಸ್ತಾದ್ರೆ ಹತ್ತಿಸ್ಕೊಳ್ಳೋಕೆ ಹಿಂದೆಯೇ ವ್ಯಾನ್ ಬರುತ್ತೆ ಅಂತ ಫೋನಲ್ಲಿ ಬಾಯ್ತುಂಬ ಹೇಳಿದ್ರು. ಬಂತು, ನಿಜವಾಗ್ಲೂ ಬಂತು. ನಮ್ಮನ್ನ ದಾಟ್ಕೊಂಡು ಹೋಯ್ತು. ಒಳಗೆ ಎಲ್ಲರ ಬ್ಯಾಗು ತುಂಬಿತ್ತು, ಕೂರೋಕೆ ಜಾಗ ಇಲ್ಲ. ಡ್ರೈವರ್ ಕೈ ಬೀಸಿದ.

ನಡಿಗೆ ದಿನದ್ದೂ ಅದೇ ಕಥೆ. 14 ಕಿಲೋಮೀಟರ್, 900 ಮೀಟರ್ ಏರು, "ಸುಮಾರು 3 ಗಂಟೆ" ಅಂತೆ. 1892ರಲ್ಲೇ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟಿದ್ದಾನೆ, ಕಿಲೋಮೀಟರ್‌ಗೆ ಬದಲಿಸಿ ಹೇಳೋದಾದ್ರೆ 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಕಿ ನೋಡಿ, 4 ಗಂಟೆ 18 ನಿಮಿಷ, ಅದೂ ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದ್ರೆ. ನೀರು ಕುಡಿಯೋದು, ಊಟ, ಫೋಟೋ, 19 ಜನ ಒಬ್ಬರಿಗೊಬ್ಬರು ಕಾಯೋದು ಸೇರಿದ್ರೆ? ನಮಗೆ 7 ಗಂಟೆ ಆಯ್ತು. ಕೊನೆ ಒಂದು ಗಂಟೆ ಫೋನ್ ಟಾರ್ಚ್ ಹಿಡ್ಕೊಂಡು ಇಳಿದಿದ್ದು.

ಊಟದ ವಿಷಯ ಹೇಳಿದ್ರೆ ಇನ್ನೂ ಬೇಜಾರು. ಊರಿನವರ ಮನೆಯಲ್ಲಿ ಅಡುಗೆ ಮಾಡೋದು ನೋಡಿ ಊಟ ಅಂದಿದ್ದು, ಕರ್ಕೊಂಡು ಹೋಗಿದ್ದು ಬಸ್‌ಗಟ್ಟಲೆ ಜನ ಬರೋ ದೊಡ್ಡ ಹೋಟೆಲ್‌ಗೆ, ಆರು ಭಾಷೆಯ ಮೆನು, ಬಿಸಿ ಆರಿದ ಬಫೆ. ತಂಗಿಗೆ ಕಡ್ಲೆಕಾಯಿ ಅಲರ್ಜಿ. ಸುಮ್ನೆ ಕೆರೆತ ಅಲ್ಲ, ಗಂಟಲು ಊದ್ಕೊಳ್ಳುತ್ತೆ, ಇಂಜೆಕ್ಷನ್ ಪೆನ್ ಇಟ್ಕೊಂಡೇ ಓಡಾಡ್ತಾಳೆ. ಫಾರಂನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ವಿ. ಅಡುಗೆಯವರಿಗೆ ಯಾರೂ ಹೇಳೇ ಇಲ್ಲ. ಅವಳು ಐದು ರಾತ್ರಿ ಹಣ್ಣು, ಬೇಯಿಸಿದ ಮೊಟ್ಟೆ ತಿಂದ್ಕೊಂಡು ಕಳೆದ್ಲು. "ಅಕ್ಕಾ, ಮುಂದಿನ ಸಲ ನೀನೊಬ್ಳೇ ಹೋಗು" ಅಂದ್ಲು.

ವಾಪಸ್ ಬಂದು ಕಂಪ್ಲೇಂಟ್ ಬರೆದೆ. ಅವರ ಉತ್ತರಗಳು ನೋಡಿ.

ಮೊದಲನೇದು: "ಡಿಯರ್ ಗೆಸ್ಟ್, ಇದು ಅಡ್ವೆಂಚರ್ ಟೂರ್, ಫಿಟ್ನೆಸ್ ಡಿಕ್ಲರೇಷನ್‌ಗೆ ತಾವೇ ಸಹಿ ಮಾಡಿದ್ದೀರಿ." ಅಂದ್ರೆ ತಪ್ಪು ನನ್ನ ಕಾಲಿಂದು. ನಾನು ಕೇಳಿದ್ದು ಏರು ಎಷ್ಟು ಅಂತ ಯಾಕೆ ಬರೆದಿಲ್ಲ ಅಂತ. ಎರಡನೇ ಉತ್ತರ: "ಗೈಡ್ ನಮ್ಮ ಲೋಕಲ್ ಪಾರ್ಟ್ನರ್ ಕಡೆಯವರು, ಅವರನ್ನ ಸಂಪರ್ಕಿಸಿ." ದುಡ್ಡು ತಗೊಳ್ಳೋವಾಗ ಪಾರ್ಟ್ನರ್ ಅಂತ ಒಬ್ಬ ಇದ್ದಾನೆ ಅಂತಲೇ ಹೇಳಿರ್ಲಿಲ್ಲ. ಯುರೋಪಿಯನ್ ಯೂನಿಯನ್‌ನ 2015ರ ಪ್ಯಾಕೇಜ್ ಟ್ರಾವೆಲ್ ನಿಯಮದಲ್ಲಿ ಕೆಲಸ ಬೇರೆ ಯಾರ ಕೈಲಿ ಮಾಡಿಸಿದ್ರೂ ಪ್ಯಾಕೇಜ್ ಕಟ್ಟಿದವರೇ ಜವಾಬ್ದಾರರು ಅಂತ ಸ್ಪಷ್ಟವಾಗಿದೆ. ನಮ್ಮ ಟೂರ್ ಅದರೊಳಗೆ ಬರಲ್ಲ, ಆದ್ರೂ ಬರೆದು ಕಳಿಸಿದೆ, ನಾಚಿಕೆಯಾದ್ರೂ ಆಗ್ಲಿ ಅಂತ. ಆಗ್ಲಿಲ್ಲ. ಮೂರನೇ ಉತ್ತರ ಮೊದಲನೇದೇ, ಅಕ್ಷರಕ್ಷರ ಕಾಪಿ ಪೇಸ್ಟ್, ಡಿಯರ್ ಗೆಸ್ಟ್ ಸಮೇತ. ವ್ಯಾನ್ ಬಗ್ಗೆ ಕೇಳಿದ್ದಕ್ಕೆ ಷರತ್ತುಗಳ 9ನೇ ಪುಟ ನೋಡಿ ಅಂದ್ರು, ನೋಡಿದ್ರೆ "ಲಭ್ಯತೆಗೆ ಒಳಪಟ್ಟು" ಅಂತಿದೆ. ಕೊನೆಗೆ ದೊಡ್ಡ ಮನಸ್ಸು ಮಾಡಿ ಮುಂದಿನ ಟೂರ್‌ಗೆ 10 ಪರ್ಸೆಂಟ್ ಕೂಪನ್ ಕೊಟ್ರು. ಮುಂದಿನ ಟೂರ್ ಅಂತೆ!

ನೀವು ಹೋಗೋದಾದ್ರೆ ದಿನದಿನದ ಏರು ಎಷ್ಟು ಮೀಟರ್ ಅಂತ ಬರವಣಿಗೆಯಲ್ಲಿ ಕೇಳಿ, "ಮಾಡರೇಟ್" ಅಂದ್ರೆ ಒಬ್ಬೊಬ್ಬ ಕಂಪನಿಗೂ ಒಂದೊಂದು ಅರ್ಥ. ಗೈಡ್ ಆ ದಾರೀಲಿ ಮುಂಚೆ ಹೋಗಿದಾರಾ, ಯಾರ ಕಡೆಯವರು, ಫಸ್ಟ್ ಏಡ್ ಕಲಿತಿದಾರಾ ಅಂತ ಕೇಳಿ. ವ್ಯಾನ್‌ನಲ್ಲಿ ಮನುಷ್ಯರಿಗೆ ಜಾಗ ಇದ್ಯಾ ಅಂತಲೂ ಕೇಳಿ, ಹೌದು ಇದನ್ನೂ ಕೇಳ್ಬೇಕು. ಅಲರ್ಜಿ ಇದ್ರೆ ಫಾರಂ ನಂಬ್ಕೊಂಡು ಕೂರ್ಬೇಡಿ, ಅಡುಗೆಯವರಿಗೆ ನೀವೇ ಹೇಳಿ. ಪೂರ್ತಿ ದುಡ್ಡು ಮೊದಲೇ ಕಟ್ಬೇಡಿ, ಕಟ್ಬೇಡಿ, ಕಟ್ಬೇಡಿ.

ಇನ್ನು ಆ ಫೋಟೋ. ಏರು ದಾರೀಲಿ ಸೈಕಲ್ ತಳ್ತಾ ಇದ್ನಲ್ಲ, ಸೈಕಲ್ ಕಾಣದ ಹಾಗೆ ಕತ್ತರಿಸಿ ಬರೀ ನನ್ನ ಮುಖ, ಹಿಂದೆ ಬೆಟ್ಟ, ಕೆಳಗೆ "ನಮ್ಮ ಸಂತೃಪ್ತ ಅತಿಥಿ" ಅಂತ ಹಾಕಿದಾರೆ. ತೆಗೀರಿ ಅಂತ ನಿನ್ನೆ ರಾತ್ರಿ ಮೆಸೇಜ್ ಮಾಡ್ದೆ. ಬೆಳಗ್ಗೆ ಉತ್ತರ ಬಂದಿದೆ, ಒಂದು ಕೆಂಪು ಹಾರ್ಟ್. ಫೋಟೋ ಇನ್ನೂ ಅಲ್ಲೇ ಇದೆ.