ಮಾಂಸ ಸುಡುವ ಅಂಗಡಿಗೆ ಇದ್ದಿಲೋ, ಗ್ಯಾಸೋ?

ಫಾಸ್ಟ್‌ಫುಡ್ ಅಂಗಡಿಗೆ ಒಲೆ ಆಯ್ಕೆ ಮಾಡುವಾಗ ಅಕ್ಕಪಕ್ಕದವರ ಉಸಿರನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದ್ದಿಲಿನ ಘಮಕ್ಕೆ ಗಿರಾಕಿ ಬರುತ್ತಾರೆ, ನಿಜ. ಆದರೆ ಮಾಂಸದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣಗಳಿರುತ್ತವೆ. ಅವು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಮುಚ್ಚಿದ ಕೋಣೆಯಲ್ಲಂತೂ ಇದ್ದಿಲು ಬೇಡವೇ ಬೇಡ: ಅದು ಉರಿಯುವಾಗ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ತುಂಬಿಕೊಂಡರೂ ಗೊತ್ತಾಗದು.

ಗ್ಯಾಸಿನಲ್ಲಿ ಮಸಿ ಕಡಿಮೆ, ಉರಿ ನೀಲಿಯಾಗಿದ್ದರೆ ಮಾತ್ರ. ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಯಿತೆಂದರೆ ಬರ್ನರ್ ತೂತು ಕಟ್ಟಿರಬಹುದು. ಆರಿಸಿ, ತಣಿದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ. ಕರಿಯುವ ಎಣ್ಣೆಯ ಹಬೆ ಮಾತ್ರ ಎರಡರಲ್ಲೂ ತಪ್ಪದು.

ಮನೆಗಳ ನಡುವಿನ ಅಂಗಡಿಗೆ ಗ್ಯಾಸೇ ಸರಿ. ಇದ್ದಿಲೇ ಬೇಕೆಂದರೆ ಕೊಬ್ಬು ಕತ್ತರಿಸಿ ತೆಗೆಯಿರಿ, ಕೆಂಡಕ್ಕೆ ಬೂದಿ ಹಿಡಿದ ಮೇಲೆ ಬದಿಗೆ ಸರಿಸಿ, ನಡುವೆ ತೊಟ್ಟಿಕ್ಕುವ ಕೊಬ್ಬು ಹಿಡಿಯಲು ತಟ್ಟೆಯಿಟ್ಟು, ಅದರ ಮೇಲ್ಗಡೆಯ ಜಾಲರಿಯಲ್ಲಿ ಮಾಂಸ ಸುಡಿ.